ಮಾಳಿಗೆ ಮೇಲಿನ ಪುದೀನ

ಮಾರ್ಚ್ 18, ಬೆಳಿಗ್ಗೆ 6

ಇವರನ್ನು ಎಡ ಮಗ್ಗುಲಿಗೆ ತಿರುಗಿಸಿದೆ. ಮೈಬಿಸಿ 99. ಬೆನ್ನಿನ ಹುಣ್ಣು ಒಣಗುತ್ತಿದೆ, ದೇವರು ದೊಡ್ಡವನು.

ಎಷ್ಟು ಗಂಟೆಗೆ ಯಾವ ಮಗ್ಗುಲು, ಮೈಬಿಸಿ ಎಷ್ಟು — ಅಷ್ಟೇ ಬರೆಯಿರಿ ಎಂದು ಆಸ್ಪತ್ರೆಯವರು ಹೇಳಿ ಶುರುವಾದ ನೋಟ್‌ಬುಕ್ಕು ಇದು. ಮೂರು ವರ್ಷದಲ್ಲಿ ನನ್ನ ಹೊಟ್ಟೆಯುರಿಯೆಲ್ಲ ಇದರೊಳಕ್ಕೇ ಬಂದು ಸೇರಿಕೊಂಡಿದೆ. ಓದುವವರು ಯಾರೂ ಇಲ್ಲ. ಒಳ್ಳೆಯದೇ ಆಯಿತು.

ಶೆಕೆ ಈಗಲೇ ಹೀಗಿದೆ. ರಾಯದುರ್ಗದ ರಸ್ತೆಯಲ್ಲಿ ಈರುಳ್ಳಿ ಗಾಡಿ ಮಗುಚಿ ಕತ್ತು ಮುರಿದ ದಿನದಿಂದ ಇವರಿಗೆ ಕತ್ತಿನಿಂದ ಕೆಳಗೆ ಅಲ್ಲಾಡುವುದಿಲ್ಲ, ಬೆವರೂ ಇಲ್ಲ. ಬೆವರದ ಮೈ ಒಲೆಯ ಮೇಲೆ ಮರೆತ ಪಾತ್ರೆಯ ಹಾಗೆ ಕಾಯುತ್ತಲೇ ಹೋಗುತ್ತದೆ. ಹೋದ ಏಪ್ರಿಲ್‌ನಲ್ಲಿ 105 ದಾಟಿ ಕಣ್ಣು ಮೇಲೆ ಮಾಡಿದ್ದರು. ಡಾಕ್ಟರು ಮುಲಾಜಿಲ್ಲದೆ ಹೇಳಿದರು: "ಇನ್ನೊಂದು ಬೇಸಿಗೆ ಹೀಗೇ ಇಟ್ರೆ ಉಳಿಯಲ್ಲಮ್ಮ."

ಬೇಸಿಗೆ ಬಂತು.

ಮಾರ್ಚ್ 21, ಸಂಜೆ

ಏಸಿ ನೋಡಲು ಚಳ್ಳಕೆರೆಗೆ ಹೋಗಿ ಬಂದೆ. ಮೈದುನ ಓಂಕಾರಮೂರ್ತಿ ಬಸ್‌ಸ್ಟ್ಯಾಂಡಿಗೇ ಬಂದಿದ್ದ. "ಅತ್ಗೆ, ಮಣ್ಣಿನ ಮಾಳಿಗೆ ಮನಿಗೆ ಎಂಥಾ ಏಸಿ? ಅಣ್ಣನ್ನ ನಮ್ಮನಿಗೇ ಕರ್ಕಂಬರ್ರಿ. ಕೆಳಗಡೆ ರೂಮ್ ಖಾಲಿ ಐತೆ."

ಇವರಿಗೆ ಹೇಳಿ ನೋಡಿದ್ದೆನಲ್ಲ. "ದೇವಸಮುದ್ರ ಬಿಟ್ಟು ನಾನೆಲ್ಲಿಗೂ ಬರಲ್ಲ. ಇದೇ ತೊಲೆ ಕೆಳಗೆ ಹುಟ್ಟಿದ್ದು" ಎಂದು ಗೋಡೆಗೆ ಮುಖ ತಿರುಗಿಸಿದ್ದರು. ತಿರುಗಿಸಲು ಇರುವುದು ಮುಖವೊಂದೇ. ಅದನ್ನು ಮಾತ್ರ ಚೆನ್ನಾಗಿ ತಿರುಗಿಸುತ್ತಾರೆ.

ಏಸಿ ಅಂಗಡಿಯ ಮಲ್ಲಿಕ್ ಒಂದು ಗಂಟೆ ಕೂರಿಸಿಕೊಂಡು ಬಿಡಿಸಿ ಹೇಳಿದ. "ಸ್ಪ್ಲಿಟ್ ಬೇಡ ಅಕ್ಕಾ. ಅದು ಒಂದೇ ಕಡೆ ತಣ್ಣಗೆ ಊದ್ತೈತೆ. ಅಣ್ಣಂಗೆ ಚಳಿ ತಾಗಿದ್ರೆ ಕೈಕಾಲು ಸೆಳೀತೈತೆ ಅಂತೀರಿ. ಇದು ನೋಡ್ರಿ, ಹೈ ವೆಲಾಸಿಟಿ. ಸಣ್ಣ ಪೈಪು, ಮುಷ್ಟಿಯಷ್ಟು ತೂತು. ಗಾಳಿ ಜೋರಾಗಿ ಬಂದು ರೂಮಿನ ಗಾಳೀನೆಲ್ಲ ಕಲಸಿಬಿಡ್ತೈತೆ. ಮೂಲೆ ಮೂಲೆಗೂ ಒಂದೇ ತಂಪು. ಕಲ್ಲುಗೋಡೆ ಒಡೆಯಂಗೇ ಇಲ್ಲ."

"ಸದ್ದು?"

"ಐತೆ ಅಕ್ಕಾ. ಸುಳ್ಳು ಹೇಳಲ್ಲ, ಕಸಮ್. ದಿನಾ ಪೂರ್ತಿ ಭುಸ್ ಅಂತಿರ್ತೈತೆ."

ಕೂಲರ್ ಆಗಬಹುದಿತ್ತು. ಅದಕ್ಕೆ ದಿನಕ್ಕೆ ನಾಲ್ಕು ಕೊಡ ನೀರು ಬೇಕು. ನಲ್ಲಿ ಬರುವುದು ಎಂಟು ದಿನಕ್ಕೊಂದು ಸಲ. ಕೂಲರ್‌ಗೆ ಕುಡಿಸಲೋ, ಮನುಷ್ಯರಿಗೆ ಕುಡಿಸಲೋ? ಬಸ್ಸಿನಲ್ಲಿ ಕೂತು ಅದೇ ಲೆಕ್ಕ. ಸದ್ದು ಒಂದು ಕಡೆ, ಉಸಿರು ಒಂದು ಕಡೆ. ಸದ್ದಿನಿಂದ ಯಾರೂ ಸತ್ತಿಲ್ಲ.

ಮಾರ್ಚ್ 24

ದೊಡ್ಡಪಾಲಯ್ಯನನ್ನು ಕರೆಸಿದೆ. ಪ್ರತಿ ವರ್ಷ ಮಳೆಗೆ ಮುಂಚೆ ನಮ್ಮ ಬೀದಿಯ ಮಣ್ಣಿನ ಚಾವಣಿಗಳಿಗೆಲ್ಲ ಸೌಳು ಮಣ್ಣು ಹೊದೆಸುವವನು ಅವನೇ. ಆ ಮಣ್ಣು ಗಟ್ಟಿಯಾಗಿ ಕೂತರೆ ಮಳೆ ನೀರು ಇಳಿಯುವುದಿಲ್ಲ. ಹಳೆಯದರ ಮೇಲೆ ಹೊಸದು ಹಾಕಿ ಹಾಕಿ ನಮ್ಮ ಮಾಳಿಗೆ ಮೊಳಕಾಲುದ್ದ ದಪ್ಪ ಬೆಳೆದಿದೆ.

ಮೇಲೆ ಕುಟ್ಟಿ ನೋಡಿ ಇಳಿದು ಬಂದ. ಮಿಷನ್ ಇಡಬಹುದು, ತೊಲೆ ತಡೆಯುತ್ತದೆ ಎಂದ. ಎಲೆ ಅಡಿಕೆ ಹಾಕಿಕೊಂಡು, "ಆದ್ರೆ ಒಂದು ಮಾತು ಕಣವ್ವ. ಮಾಳಿಗೆ ಮನೆ ಸುಮ್ನೆ ಬೀಳಲ್ಲ. ಮುಂಚೆ ಮಾತಾಡ್ತೈತೆ. ಕಿರ್ ಅಂತೈತೆ, ಉಸ್ ಅಂತೈತೆ. ನಮ್ಮಪ್ಪ ಆ ಸದ್ದು ಕೇಳೇ ಏಳು ಜನಾನ ಹೊರಗೆ ಎಳ್ದಾಕಿದ್ದ. ನೀನು ಭುಸ್ ಅನ್ನೋದನ್ನ ತಲೆ ಮ್ಯಾಲೆ ಇಟ್ಕಂಡ್ರೆ ಏನು ಕೇಳಿಸ್ತೈತೆ?" ಎಂದ.

ನನಗೆ ರೇಗಿತು. "ಬೆವರೋ ಮೈ ಇರೋರಿಗೆ ಬುದ್ಧಿ ಹೇಳೋದು ಸುಲಭ ಕಣಜ್ಜ" ಎಂದೆ. ಪಾಪ, ಚಹಾ ಕುಡಿಯದೆ ಎದ್ದು ಹೋದ.

ಏಪ್ರಿಲ್ 2, ಮಧ್ಯಾಹ್ನ 3

ಹೊರಗೆ 40. ಇವರ ಮೈಬಿಸಿ 98.4!!

ಆಕ್ಸಿಡೆಂಟ್ ಕೇಸಿನ ಪರಿಹಾರ ಇದಕ್ಕಲ್ಲದೆ ಇನ್ಯಾವುದಕ್ಕೆ? ಮಿಷನ್ ಮಾಳಿಗೆಯ ಮೇಲೆ ತಗಡಿನ ಗೂಡಿನಲ್ಲಿ ಕೂತಿದೆ. ನಡುಮನೆಗೆ ನಾಲ್ಕು ತೂತು. ಗಾಳಿ ಮೈಗೆ ಬಡಿಯುವುದಿಲ್ಲ, ಸುಮ್ಮನೆ ಮನೆಯೇ ತಣ್ಣಗಿರುತ್ತದೆ. ಇವರು ಎರಡು ಗಂಟೆ ನಿದ್ದೆ ಮಾಡಿದರು, ಬಾಯಿ ತೆರೆದುಕೊಂಡು, ಮಗುವಿನ ಹಾಗೆ. ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ.

ಮಲ್ಲಿಕ್ ಹೋಗುವಾಗ ಮೇಲಕ್ಕೆ ಕರೆದು ತೋರಿಸಿದ. "ಮಿಷನ್ ಗಾಳೀಲಿರೋ ನೀರು ಹೀರಿ ಈ ಪೈಪಾಗೆ ಬಿಡ್ತೈತೆ. ಬೀದಿ ಚರಂಡಿಗೆ ಇಳಿಸಿದೀನಿ. ಮಾಳಿಗೆ ಮ್ಯಾಲೆ ಒಂದು ತೊಟ್ಟೂ ಬೀಳಬಾರದು ಅಕ್ಕಾ, ನೆನಪಿರಲಿ."

ಏಪ್ರಿಲ್ 10

ಬೆಳಿಗ್ಗೆ ಬಲ ಮಗ್ಗುಲು. 98.6.

ಪೈಪಿನ ಕೆಳಗೆ ಬಿಂದಿಗೆ ಇಟ್ಟು ನೋಡಿದೆ. ಬೆಳಗಾಗುವಷ್ಟರಲ್ಲಿ ತುಂಬಿತ್ತು. ದಿನಕ್ಕೊಂದು ಬಿಂದಿಗೆ ಶುದ್ಧ ನೀರು ಚರಂಡಿಗೆ! ಪಕ್ಕದ ಮನೆ ರಾಧಮ್ಮ ಬೀದಿಯಲ್ಲೇ ನಿಂತು, "ನಿಮ್ಮನೆ ನೀರು ಹಿಂಗೆ ದಂಡ ಆಗೋದು ನೋಡಕ್ಕಾಗಲ್ಲ ತಾಯಿ, ಪಾಪ ಸುತ್ಕಂತೈತೆ" ಎಂದಳು. ಕೈ ತೊಳೆದ ನೀರನ್ನೂ ಕರಿಬೇವಿನ ಗಿಡಕ್ಕೆ ಹಾಕಿ ಬೆಳೆದವಳು ನಾನು. ನನಗೆ ಹೇಳಬೇಕಾ?

ಬಿಂದಿಗೆ ದಿನಾ ಹೊತ್ತು ಗಿಡಕ್ಕೆ ಹಾಕಲು ಇವರನ್ನು ಬಿಟ್ಟು ಹೋಗಲಾಗುವುದಿಲ್ಲ. ಪೈಪನ್ನೇ ತಿರುಗಿಸಿದೆ. ಅಲ್ಲೇ ಮಾಳಿಗೆಯ ಮೇಲೆ ಪೇಂಟಿನ ಬಕೆಟ್ ನಾಲ್ಕು, ಒಂದರಿಂದೊಂದಕ್ಕೆ ಹರಿಯುವ ಹಾಗೆ ಇಟ್ಟು ಪುದೀನ ನೆಟ್ಟಿದ್ದೇನೆ. ಅಡಿಗೆ ಚಪ್ಪಡಿ ಕಲ್ಲಿದೆ. ಎಲ್ಲಿ ಒದ್ದೆಯಾಗುತ್ತದೆ? ಮಲ್ಲಿಕ್‌ಗೆ ಹೇಳುವ ಅಗತ್ಯವೇನೂ ಇಲ್ಲ.

ಏಪ್ರಿಲ್ 27

ಪುದೀನ ಅಂದರೆ ಪುದೀನ! ಚಟ್ನಿ, ಪಲಾವ್, ರಾಧಮ್ಮನಿಗೂ ಒಂದು ಕಟ್ಟು.

ಇವರು ಊಟ ಮಾಡುತ್ತಾ, "ರತ್ನಾ, ತೊಲೆ ಕೆಳಗೆ ಬಂದೈತೆ" ಎಂದರು.

"ಯಾವ ತೊಲೆ?"

"ಇರೋದೇ ಒಂದು. ಎರಡು ಬೆರಳು ಇಳಿದೈತೆ ಕಣೇ. ಮೂರು ವರ್ಷದಿಂದ ಅದನ್ನೇ ನೋಡ್ತಿದೀನಿ, ನಂಗೆ ಗೊತ್ತಾಗಲ್ವಾ?"

"ಮಲಗಿ ಮಲಗಿ ನಿಮಗೆ ಭ್ರಮೆ. ತುತ್ತು ನುಂಗ್ರಿ ಸುಮ್ನೆ." ಹಾಗೆ ಹೇಳಬಾರದಿತ್ತು. ಆದರೆ ಒಂದು ಒಳ್ಳೆಯದಾದರೆ ಇನ್ನೊಂದು ಕೆಟ್ಟದ್ದು ಹುಡುಕುವ ಈ ಚಾಳಿ ಇದೆಯಲ್ಲ…

ಮೇ 14

ಬರೆಯುವುದು ಬಿಟ್ಟೇಹೋಗಿತ್ತು. ಮೈಬಿಸಿ ದಿನಾ ಸರಿಯಿದ್ದರೆ ಬರೆಯಲೇನಿದೆ?

ಇವತ್ತು ಇವರ ಕಣ್ಣಿಗೆ ಮಣ್ಣು ಬಿತ್ತು. ಒಂದು ಚಿಟಿಕೆ. ಒರೆಸಲು ಕೈಯಿಲ್ಲ, ರೆಪ್ಪೆ ಬಡಿಯುತ್ತಾ ಕೂಗಿದ್ದಾರೆ. ಮಿಷನ್ ಸದ್ದಿಗೆ ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿಲ್ಲ. ಬಂದು ನೋಡಿದಾಗ ಕಣ್ಣು ಕೆಂಪಗೆ ಊದಿತ್ತು.

ಮೂರನೇ ತೂತಿನ ಸುತ್ತ ಕಪ್ಪು ಕಲೆ ಬಿದ್ದಿದೆ, ಊಟದ ತಟ್ಟೆಯಷ್ಟು. ತಣ್ಣನೆ ಪೈಪಿಗೆ ಸಹಜ ಇರಬೇಕು. ಇವರು ನಕ್ಕರು. "ಮಾಳಿಗೆ ಬೆವರ್ತೈತೆ ಕಣೇ. ನನ್ನ ಬದ್ಲಿಗೆ." ನನಗೆ ನಗು ಬರಲಿಲ್ಲ.

ನನ್ನ ಹಳೇ ಸೀರೆಯೊಂದನ್ನು ಮಂಚದ ಮೇಲ್ಗಡೆ ಅಡ್ಡ ಕಟ್ಟಿದ್ದೇನೆ. ಮಣ್ಣು ಉದುರಿದರೆ ಸೀರೆಗೆ ಬೀಳುತ್ತದೆ.

"ಈಗ ನಂಗೆ ತೊಲೆ ಕಾಣಲ್ಲ" ಎಂದರು.

"ಕಾಣೋದು ಬೇಡ. ನಿದ್ದೆ ಮಾಡ್ರಿ."

ಮೇ 19

ಬೆಳಿಗ್ಗೆ ಸೀರೆ ಜೋತಿತ್ತು. ಸಂಜೆ ಇನ್ನಷ್ಟು. ಕೊಡವಬೇಕು. ನಾಳೆ.

ಇವರು ಎರಡು ದಿನದಿಂದ ಮಾತು ಕಮ್ಮಿ ಮಾಡಿದ್ದಾರೆ. ಮಿಷನ್ ಮಾತ್ರ ಭುಸ್ ಎನ್ನುತ್ತಲೇ ಇದೆ. ಕೆಲವು ಸಲ ಅದರ ಅಡಿಯಲ್ಲಿ ಇನ್ನೇನೋ ಇದೆ ಅನ್ನಿಸಿ ಕಿವಿಗೊಡುತ್ತೇನೆ. ಏನೂ ಕೇಳಿಸುವುದಿಲ್ಲ.

ಮೇ 23, ಬೆಳಿಗ್ಗೆ 7:30

ಕೈಯೆಲ್ಲ ಮಣ್ಣು, ಹಾಗೇ ಬರೆಯುತ್ತಿದ್ದೇನೆ.

ಸೀರೆ ಬಿಚ್ಚಿದೆ. ಒಂದು ಮೊರದಷ್ಟು ಮಣ್ಣು. ಒದ್ದೆ ಮಣ್ಣು. ಊರಿಗೆ ಇನ್ನೂ ಒಂದು ಹನಿ ಮಳೆ ಬಿದ್ದಿಲ್ಲ.

ಮೇಲಕ್ಕೆ ಓಡಿದೆ. ಪುದೀನ ಬಕೆಟ್ಟಿನೊಳಗೇ ನಿಂತಿಲ್ಲ. ಚಪ್ಪಡಿ ದಾಟಿ ಮಾಳಿಗೆಯ ಮಣ್ಣಿಗೇ ಬೇರು ಬಿಟ್ಟು ಮಂಚದಗಲ ಹಬ್ಬಿದೆ. ಚಪ್ಪಡಿ ಒಂದು ಗೇಣು ಕುಸಿದಿದೆ. ಕೊನೆಯ ಬಕೆಟ್ಟಿನ ತಳ ಒಡೆದದ್ದು ಯಾವಾಗಲೋ. ಕೋಲು ಚುಚ್ಚಿದೆ, ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ನಲವತ್ತು ದಿನ. ದಿನಕ್ಕೊಂದು ಬಿಂದಿಗೆ. ಕೆಳಗೆ ಸರಿಯಾಗಿ ಇವರ ಮಂಚ.

ನಾನೇ ಮಾಡಿದ್ದು. ಇನ್ಯಾರೂ ಅಲ್ಲ, ನಾನೇ.

ಪೈಪನ್ನು ಚರಂಡಿಗೆ ಎಳೆದು ಬಿಟ್ಟೆ. ಈಗ ಬಿಟ್ಟರೇನು, ಬಿಡದಿದ್ದರೇನು!

8:40

ಬೀದಿಗೆ ಬೀದಿಯೇ ಕೊಂಡ್ಲಹಳ್ಳಿಯ ಮದುವೆಗೆ ಹೋಗಿದೆ. ರಾಧಮ್ಮನೂ ಇಲ್ಲ. ಸಿಕ್ಕವನು ದೊಡ್ಡಪಾಲಯ್ಯ ಒಬ್ಬನೇ. ಅಂದು ನಾನಾಡಿದ ಮಾತನ್ನು ಎತ್ತಲಿಲ್ಲ. ಮಾಳಿಗೆಯ ಮೇಲೆ ಬೋರಲು ಮಲಗಿ ಕಿವಿಯಿಟ್ಟು ಕೇಳಿದ. "ಅಯ್ಯೋ ದೇವುಡಾ" ಎಂದು ಇಳಿದು ಬಂದು ತೊಲೆಗೆ ಒಂದು ಕಂಬ ಆಸರೆ ಕೊಟ್ಟ. ಮಂಚವನ್ನು ಇಬ್ಬರೂ ಗೋಡೆಯ ಮೂಲೆಗೆ ತಳ್ಳಿದೆವು. ಆಸ್ಪತ್ರೆ ಮಂಚ, ಬಿಚ್ಚಿ ಒಳತಂದದ್ದು. ಬಾಗಿಲಲ್ಲಿ ಹಿಡಿಸುವುದಿಲ್ಲ.

"ಇವತ್ತೇ ಹೊರಗೆ ಎತ್ತಬೇಕವ್ವ. ಕತ್ತು ಅಲುಗದಂಗೆ ಎತ್ತಕ್ಕೆ ನಾಲ್ಕು ಜನ ಬೇಕು."

ಓಂಕಾರಮೂರ್ತಿಗೆ ಫೋನ್ ಮಾಡಿದೆ. ಏಸಿ ಇರುವ ಆಂಬುಲೆನ್ಸ್, ಮೂರು ಜನ. ಹನ್ನೊಂದಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಹೊರಗೆ ಮಲಗಿಸಲಾಗುವುದಿಲ್ಲ, ಬಿಸಿಲಿಗೆ ಅರ್ಧ ಗಂಟೆ ಸಾಕು ಇವರನ್ನು ಮುಗಿಸಲು.

10:05

ಮೈಬಿಸಿ 98.8.

ದೊಡ್ಡಪಾಲಯ್ಯ ಇನ್ನೆರಡು ಕಂಬ ತರಲು ಹೊರಟ. ಹೊರಡುವಾಗ, "ಮಿಷನ್ ಆರಿಸು. ಅದರ ನಡುಕಕ್ಕೆ ಮಣ್ಣು ಜಾರ್ತೈತೆ. ಮನೆ ಏನಂತೈತೆ ಅಂತಾನೂ ಕೇಳಬೇಕು" ಎಂದ.

ಆರಿಸಿದರೆ ಇವರು ಕಾಯುತ್ತಾರೆ. ಆರಿಸದಿದ್ದರೆ ಮಾಳಿಗೆ. ಇವರನ್ನೇ ಕೇಳಿದೆ. "ಆರಿಸೇ" ಎಂದರು.

10:20

99.6. ಮಿಷನ್ ಆರಿಸಿದೆ. ಐವತ್ತು ದಿನದ ಮೇಲೆ ಮನೆ ನಿಶ್ಶಬ್ದ. ಕಿವಿಯಲ್ಲಿ ಗುಂಯ್ ಎನ್ನುತ್ತಿದೆ. ಆಮೇಲೆ ಕೇಳಿಸಿತು. ಕಿರ್. ಸ್ವಲ್ಪ ತಡೆದು ಮತ್ತೆ ಕಿರ್.

ಇದು ಎಷ್ಟು ದಿನದಿಂದ ಕೂಗುತ್ತಿತ್ತೋ.

ಆಂಬುಲೆನ್ಸಿನವರಿಗೆ ಮೈಬಿಸಿ ಬರೆದಿಟ್ಟು ಕೊಡಬೇಕಂತೆ. ಅದಕ್ಕೆ ಬರೆಯುತ್ತಿದ್ದೇನೆ. ಕೈಗೂ ಒಂದು ಕೆಲಸ ಬೇಕು.

10:35

100.9. ಹಣೆಗೆ, ಕಂಕುಳಿಗೆ ಒದ್ದೆ ಬಟ್ಟೆ. ಬೀಸಣಿಗೆ.

"ನೀನು ಹೊರಗೆ ಹೋಗೇ ರತ್ನಾ."

"ಹೋಗಲ್ಲ."

"ಹೇಳಿದ್ದು ಕೇಳು. ಇಬ್ರೂ ಯಾಕೆ?"

"ನಂಗೆ ಬೀಸೋ ಕೆಲಸ ಐತೆ. ಸುಮ್ನಿರ್ರಿ."

10:50

101.8. ಕೆನ್ನೆ ಕೆಂಪಾಗಿದೆ. ಓಂಕಾರಮೂರ್ತಿ ಫೋನ್ ಮಾಡಿದ್ದ, ಇಲ್ಲೇ ನಮ್ಮ ತಾಲ್ಲೂಕಿನ ಹಾನಗಲ್ ದಾಟಿದ್ದಾರೆ.

ಹೇಳಿಬಿಟ್ಟೆ. ಇನ್ನು ತಡೆಯಲಾಗಲಿಲ್ಲ. "ಪೈಪ್ ತಿರುಗಿಸಿದ್ದು ನಾನೇ ರೀ. ಮಲ್ಲಿಕ್ ಬೇಡ ಅಂದಿದ್ದ. ನಿಮ್ಮ ತಲೆ ಮ್ಯಾಲೆ ನೀರು ಹಾಕಿದ್ದು ನಾನೇ."

"ಗೊತ್ತು ಕಣೇ."

"ಗೊತ್ತಾ?"

"ಎಂಟು ದಿನಕ್ಕೊಂದ್ಸಲ ನೀರು ಬರೋ ಊರಾಗೆ ದಿನಾ ಪುದೀನ ಚಟ್ನಿ ಎಲ್ಲಿಂದ ಬರ್ತೈತೆ?"

"ಮತ್ತೆ ಬಾಯಿಬಿಟ್ಟು ಯಾಕೆ ಹೇಳಲಿಲ್ಲ?" ಅಳುತ್ತಾ ಬೈದೆ. ಇಂಥ ಹೊತ್ತಿನಲ್ಲೂ ಬೈದೆ.

ಮುಖ ನನ್ನ ಕಡೆ ತಿರುಗಿಸಿದರು. "ಅದನ್ನ ಕಿತ್ಕಂಡು ನೀನು ಹಾಡ್ಕಂತ ಇಳ್ದು ಬರ್ತಿದ್ದೆ. ಮೂರು ವರ್ಷ ಆಗಿತ್ತು ನಿನ್ನ ಹಾಡು ಕೇಳಿ."

ನಾನು ಹಾಡುತ್ತಿದ್ದೆನಾ? ನನಗೇ ಗೊತ್ತಿಲ್ಲ.

11:04

102.5. ಕಿರ್ ನಿಂತಿದೆ. ಪೂರ್ತಿ ನಿಂತಿದೆ. ಮಾಳಿಗೆ ಗಟ್ಟಿಯಾಯಿತೇನೋ, ಕಂಬ ಹಿಡಿದಿರಬೇಕು. ಮಿಷನ್ ಒಂದೈದು ನಿಮಿಷ ಹಾಕಲಾ ಎಂದು ಕೇಳಿದೆ. ಇವರು ಕಣ್ಣು ಮುಚ್ಚಿ ಆಲಿಸುತ್ತಿದ್ದಾರೆ.

ಗಾಡಿಯ ಸದ್ದು. ಬಂದರು! "ರೀ, ಬಂದ್ರು" ಎಂದೆ.

ಇವರು ಕಣ್ಣು ಬಿಟ್ಟರು. "ಗಾಡಿ ಅಲ್ಲ ಕಣೇ ಅದು" ಎನ್ನುತ್ತಿದ್ದಾರೆ. ಮೇಲೆ