ಚದುರಿದ ಪರಮಾಣುಗಳ ಚಿತ್ರ

ಶಿವಾಜಿನಗರ
೧೨-೮-೨೦೦೫

ತೀರ್ಥರೂಪ ಅಪ್ಪನಿಗೆ ಸಂಹಿತಾಳ ನಮಸ್ಕಾರಗಳು.

ಮನೆಗೆ ಫೋನ್ ಮಾಡಿದರೆ ಅಮ್ಮ ಎತ್ತುತ್ತಾಳೆಂದು ನಿಮ್ಮ ಆಫೀಸಿಗೆ ಬರೆಸುತ್ತಿದ್ದೇನೆ. ಕೈಬರಹ ಲ್ಯಾಬಿನ ಗೆಳತಿ ವಿಭಾಳದು. ನಾನು ಆಸ್ಪತ್ರೆಯಲ್ಲಿದ್ದೇನೆ. ಸೋಮವಾರ ರಕ್ಷಣೆಯ ಕನ್ನಡಕ ತೆಗೆದು ಬಗ್ಗಿದಾಗ, ಕಾಣುತ್ತಿದ್ದ ಒಂದೇ ಕಣ್ಣಿಗೆ ಲೇಸರ್ ಬಿತ್ತು. ತಪ್ಪು ನನ್ನದೇ. ದೃಷ್ಟಿ ಮರಳುವುದಿಲ್ಲವಂತೆ.

ಪ್ರಯೋಗದಲ್ಲಿ ಐದು ವರ್ಷ ಕಾದದ್ದು ಮರುದಿನವೇ ಸಿಕ್ಕಿತು. ಅತಿ ತಣ್ಣಗಿನ ಪರಮಾಣುಗಳ ಎರಡು ಮೋಡಗಳು ಡಿಕ್ಕಿ ಹೊಡೆದು, ಅಲೆಗಳಂತೆ ಚದುರಿ, ಉಂಗುರವಾಗಿ ಹರಡಿದ್ದು ಚಿತ್ರದಲ್ಲಿ ಸೆರೆಯಾಗಿದೆಯಂತೆ.

"ಉಂಗುರ ಪೂರ್ತಿ ಬಂದಿದೆ ಕಣೇ" ಅಂದಳು ವಿಭಾ. ಅಳುತ್ತಾ ಅಂದಳು, ಅದಕ್ಕೇ ನಂಬಲಾಗಲಿಲ್ಲ.

ಚಿತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಅಮ್ಮನಿಗೆ ಹೇಳಬೇಡಿ, ನಾನೇ ಹೇಳುತ್ತೇನೆ. ಪತ್ರ ಸಿಕ್ಕ ಕೂಡಲೇ ಬಂದು ನನ್ನನ್ನು ಕರೆದುಕೊಂಡು ಹೋಗಿ. ಉಂಗುರ ಪೂರ್ತಿ ಇದೆಯೋ ಇಲ್ಲವೋ, ಕಂಡದ್ದನ್ನು ಕಂಡ ಹಾಗೆ ಹೇಳಿ.

ನಿಮ್ಮ ಮಗಳು
ಸಂಹಿತಾ