ಅತಿಥಿಯ ಊಟವೂ ನಮ್ಮ ರಕ್ತನಾಳಗಳೂ

ಹೃದ್ರೋಗ ವಿಭಾಗದ ಮಾನ್ಯ ನಿರ್ದೇಶಕರೇ,

ತಪ್ಪೊಪ್ಪಿಕೊಳ್ಳುತ್ತೇನೆ: ಸಂಜೆಯ ಪ್ರಾರ್ಥನೆಗೆ ಶಂಖ ಊದಿದ ಮೇಲೆ ಯಾರೂ ಓಡಾಡಬಾರದೆಂಬ ಕಟ್ಟಳೆ ಮೀರಿ ನಾನು ಊರ ರಸ್ತೆಯಲ್ಲಿ ನಡೆದೆ. ನನ್ನಂತೆಯೇ ಹೃದ್ರೋಗಿಯಾದ ತಂಗಿ ಲುಪೆಸಿನಾಳನ್ನೂ ನಡೆಸಿದೆ. ಕಾವಲಿನ ತೌಮಾಫೈ ಅಡ್ಡಗಟ್ಟಿದ.

“ಏನಣ್ಣ, ದೇವರಿಗಿಂತ ಡಾಕ್ಟರಿಗೇ ಜಾಸ್ತಿ ಹೆದರ್ತೀಯಾ?”

“ದೇವರ ಹತ್ರ ಇಷ್ಟು ಬೇಗ ಹೋಗೋದು ಬೇಡ ಅಂತಾನೇ ನಡೀತಿದೀವಪ್ಪ.”

ಅವನು ನಗಲಿಲ್ಲ, ಒಂದು ಪೆಟ್ಟಿಗೆ ಡಬ್ಬಿಮೀನು ದಂಡ ಹಾಕಿಸಿದ. ಆ ದಂಡ ತೆರಬೇಕಾದವರು ತಾವು. ನರ್ಸ್ ನಡೆಸುತ್ತಿದ್ದ ನಡಿಗೆಯ ತರಗತಿಯನ್ನು ಮುಚ್ಚಿದವರು ತಾವಲ್ಲವೇ? ನಾವು ಹೊತ್ತಿಗೆ ಸರಿಯಾಗಿಯೇ ಹೊರಟಿದ್ದೆವು. “ನರ್ಸಮ್ಮ ಇಲ್ಲ, ದಾರೀಲಿ ಬಿದ್ರೆ ಏನಣ್ಣ ಗತಿ?” ಎಂದು ಲುಪೆಸಿನಾ ಮರಮರಕ್ಕೂ ನಿಂತಳು. ಶಂಖ ಅರ್ಧದಾರಿಯಲ್ಲೇ ನಮ್ಮನ್ನು ಹಿಡಿಯಿತು.

“ತಿಂಗಳುಗಟ್ಟಲೆ ನಡೆದರೂ ರೋಗಿಗಳ ರಕ್ತನಾಳದ ಒಳಪದರ ಸುಧಾರಿಸಿಲ್ಲ” ಎನ್ನುತ್ತದೆ ತಮ್ಮ ಆದೇಶ. ರಕ್ತದ ಹರಿವು ಹೆಚ್ಚಿದಾಗ ನಾಳವನ್ನು ಸಡಿಲಿಸಿ ದಾರಿ ಬಿಡುವುದು ಆ ಪದರದ ಕೆಲಸ. ಅದು ಮುನಿಸಿಕೊಂಡರೆ ಹೃದಯ ಉಪವಾಸ. ಮಾತ್ರೆಯ ಜೊತೆ ನಡಿಗೆಯೂ ಅದಕ್ಕೆ ಮದ್ದೆಂದು ಕಲಿಸಿದ್ದು ತಮ್ಮದೇ ವಿಭಾಗ. ಚರ್ಚಿನ ಮೆಟ್ಟಿಲ ಬುಡದಲ್ಲೇ ಪ್ರಾರ್ಥನೆ ಮುಗಿಸುತ್ತಿದ್ದ ಲುಪೆಸಿನಾ, ತರಗತಿ ಇದ್ದಷ್ಟು ಕಾಲ ಮೇಲೆ ಹತ್ತಿ ಹಾಡುತ್ತಿದ್ದಳು. ಅವಳ ನಾಳಗಳು ತಮ್ಮ ಆದೇಶ ಓದಿರಲಿಲ್ಲವೇ?

ಹಾಗಾದರೆ ನಮ್ಮ ನಾಳ ಅಳೆದ ಪರೀಕ್ಷೆ ಸುಳ್ಳೇ? ಪರೀಕ್ಷೆ ಸುಳ್ಳಲ್ಲ, ನಮ್ಮ ಹೊಟ್ಟೆ ಖಾಲಿಯಿರಲಿಲ್ಲ. ಯಂತ್ರ ತಂದ ಪರೀಕ್ಷಕಿ ಎಲ್ಲರೂ ಬರಿಹೊಟ್ಟೆಯಲ್ಲಿ ಬರಬೇಕೆಂದಿದ್ದರು. ಆದರೆ ರಾಜಧಾನಿ ಆಪಿಯಾದಿಂದ ಬಂದ ಅತಿಥಿಗೆ ಉಣಬಡಿಸದಿದ್ದರೆ ನಮ್ಮ ಸವಾಯಿ ದ್ವೀಪದ ಮಾನ ಉಳಿಯುತ್ತದೆಯೇ? ಟಾರೋ ಎಂಬ ಕೆಸುವಿನ ಎಲೆಯಲ್ಲಿ ಗಟ್ಟಿ ತೆಂಗಿನಹಾಲು ಕಟ್ಟಿ ಬೇಯಿಸಿದ ಪಾಲುಸಾಮಿ ಬುಟ್ಟಿ ತುಂಬ ಬಂತು. ಅವರು ಒಂದು ತುತ್ತು ತಿಂದು ಕೈತೊಳೆದರು. ಉಳಿದದ್ದನ್ನು ರೋಗಿಗಳು ಹಿತ್ತಲಲ್ಲಿ ಮುಗಿಸಿ ಬಂದರು.

“ಯಾರಾದ್ರೂ ಏನಾದ್ರೂ ತಿಂದ್ರಾ?”

“ಇಲ್ಲಮ್ಮ,” ಎಂದ ಮುದುಕ ಸಿಯಾವೋಸಿ, ತುಟಿ ಒರೆಸಿಕೊಳ್ಳುತ್ತ. ಆಮೇಲೆ ನನ್ನ ಪಕ್ಕೆ ತಿವಿದ: “ಅದು ಅತಿಥಿ ಊಟ ಕಣೋ, ನಮ್ಮ ಲೆಕ್ಕಕ್ಕೆ ಬರಲ್ಲ.”

ಜಿಡ್ಡಿನ ಊಟವಾದ ಕೆಲವು ಗಂಟೆ ಒಳಪದರ ಮಂಕಾಗಿರುತ್ತದೆ. ಯಂತ್ರ ಅಳೆದದ್ದು ನಮ್ಮ ನಡಿಗೆಯನ್ನಲ್ಲ, ನಡವಳಿಕೆಯನ್ನು.

ಆದ್ದರಿಂದ ಬರಿಹೊಟ್ಟೆಯಲ್ಲಿ ಮರುಪರೀಕ್ಷೆ ನಡೆಸಿ. ಅಲ್ಲಿಯವರೆಗೆ ನರ್ಸನ್ನೂ ತರಗತಿಯನ್ನೂ ಮರಳಿ ಕೊಡಿ. ಲುಪೆಸಿನಾ ಬಿದ್ದ ಮೇಲೆ ಬರುವ ತಮ್ಮ ಸಂತಾಪ ನಮಗೆ ಬೇಡ. ಸಾಕ್ಷಿ ಬೇಕೆಂದರೆ ನಾನಿದ್ದೇನೆ: ಅಂದು ಹಿತ್ತಲಿನ ಆ ಬುಟ್ಟಿಗೆ ಕೈಹಾಕದ ಏಕೈಕ ರೋಗಿ ನಾನು.

ಮತ್ತೆ ನನ್ನ ಫಲಿತಾಂಶವೇ ಎಲ್ಲರಿಗಿಂತ ಕೆಟ್ಟದ್ದೇಕೆ ಎಂದು ಕೇಳುವಿರಿ. ಪಾಲುಸಾಮಿ ಬೇಯಿಸಿದವನು ನಾನು. ಬುಟ್ಟಿಗೆ ತುಂಬುವ ಮೊದಲು ಉಪ್ಪು ನೋಡಬೇಕಲ್ಲ. ಪ್ರತಿಯೊಂದು ಪೊಟ್ಟಣದಲ್ಲೂ ನೋಡಿದೆ.

ಇಂತಿ,
ನಡೆದು ದಂಡ ತೆತ್ತ, ಉಪ್ಪು ನೋಡಿ ಕೆಟ್ಟ
ಇಯೋಸೆಫೋ