ಏಳನೇ ಮರಿಯ ಮುಂದೆ ನಾನು ಆಡಿದ ಮಾತು

2194, ಹದಿಮೂರನೇ ತಿಂಗಳು, ತಾರೀಖು ಎರಡು
ನೀರ್ಹಕ್ಕಿ ಕಾಲೇಜಿನ ಹಾಸ್ಟೆಲ್

2026ರ ಕೆರೆಯಂಚಿನ ಹಿರಿಯರಿಗೆ,

ಹದಿಮೂರನೇ ತಿಂಗಳು ನಿಮಗಿಲ್ಲ ಎಂದು ಗೊತ್ತು. ಮಳೆಗಾಲ ಜಾರುತ್ತಾ ಹೋದಾಗ ನಾವು ಸೇರಿಸಿಕೊಂಡದ್ದು ಅದು. ನನ್ನ ಕನ್ನಡವೂ ವಿಚಿತ್ರ ಅನ್ನಿಸಬಹುದು. ಆರನೇ ವಯಸ್ಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು, ಸಾರಿ.

ಬಣ್ಣದ ಕೊಕ್ಕರೆಗಳು ಈಗ ಮರದ ಮೇಲೆ ಹುಟ್ಟುವುದಿಲ್ಲ, ನಮ್ಮ ಶೆಡ್ಡಿನಲ್ಲಿ ಹುಟ್ಟುತ್ತವೆ. ಫಸ್ಟ್ ಇಯರ್‌ನವರೇ ಅವಕ್ಕೆ ತಾಯಂದಿರು. ಬಿಳಿ ನಿಲುವಂಗಿ ತೊಟ್ಟು ಮುಖ ಮುಚ್ಚಿಕೊಳ್ಳುತ್ತೇವೆ. ಕೈಗೆ ಕೊಕ್ಕುಗವಸು, ಅಂದರೆ ಹಳದಿ ಕೊಕ್ಕು, ಕಿತ್ತಳೆ ಮುಖ ಇರುವ ಉದ್ದನೆಯ ಗ್ಲೌಸು. ಅದನ್ನು ಮೊಣಕಾಲುದ್ದದ ನೀರಿನಲ್ಲಿ ಅರೆತೆರೆದು ಆಡಿಸುತ್ತಾ, ಕಾಲಿನಿಂದ ಕೆಸರು ಕಲಕುತ್ತಾ, ತಗುಲಿದ ಮೀನನ್ನು ಕಣ್ಣಿನ ನೆರವಿಲ್ಲದೆ ಹಿಡಿಯುವುದನ್ನು ಮರಿಗಳಿಗೆ ತೋರಿಸಬೇಕು. ಈ ನಾಲ್ಕು ಗಂಟೆಯ ಡ್ಯೂಟಿಗೆ ಮೂಕಪಾಳಿ ಎನ್ನುತ್ತೇವೆ. ಒಂದಕ್ಷರ ಮಾತಾಡುವಂತಿಲ್ಲ. ಮನುಷ್ಯರ ದನಿಗೆ ಒಗ್ಗಿದ ಮರಿ ಮನುಷ್ಯರ ಹಿಂದೆಯೇ ಬರುತ್ತದೆ.

ನನಗೆ ವೈವಾ ಅಂದರೆ ಭಯ. ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ಉತ್ತರ ನೆನಪಿರುವುದಿಲ್ಲ. ಒಂಬತ್ತು ದಿನ, ಪಾಳಿಯಲ್ಲಿ ಒಬ್ಬಳೇ ಇದ್ದಾಗ, ನಮ್ಮ ಹನ್ನೆರಡು ಮರಿಗಳಲ್ಲಿ ಏಳನೆಯದರ ಮುಂದೆ ಕೂತು ಪಾಠ ಒಪ್ಪಿಸಿದೆ. ಅದು ಕತ್ತು ಓರೆ ಮಾಡಿ ಕೇಳುತ್ತಿತ್ತು. ಅಲ್ಲಿಯವರೆಗೆ ಯಾರೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ವೈವಾದಲ್ಲಿ ಪಾಸಾದೆ.

ನಿನ್ನೆ ಮರಿಗಳ ರಿಲೀಸ್. ಹನ್ನೊಂದು ಮರಿಗಳು ಜೌಗಿನ ಕಡೆ ಹಾರಿದವು. ಏಳನೆಯದು ಮಾತ್ರ ದಡದಲ್ಲಿ ಪಿಸುಗುಟ್ಟುತ್ತಿದ್ದ ನಮ್ಮ ಕಡೆಗೆ ನಡೆದು ಬಂದು, ನಮ್ಮ ಸಾಲಿನಲ್ಲೇ ನಿಂತಿತು.

"ಯಾರ್ರಲಾ ಇದ್ರ ಮುಂದೆ ಬಾಯ್ ಬುಟ್ಟೋರು?" ಎಂದರು ವಾರ್ಡನ್ ಜವರಪ್ಪ ಸರ್. ಎಲ್ಲರೂ ಕ್ಲಾಸಿನ ವಾಚಾಳಿ ಮಾದೇಶನತ್ತ ನೋಡಿದರು.

"ಸಾ, ನಾನ್ ಮಾತಾಡಿದ್ರೆ ಅದು ಇಷ್ಟೊತ್ಗೆ ಊರೇ ಬುಟ್ ಹಾರೋಗಿರದು" ಎಂದ ಮಾದೇಶ.

ಯಾರೂ ನಗಲಿಲ್ಲ. ಅವನನ್ನು ಪಾಳಿಯಿಂದ ತೆಗೆದುಹಾಕಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಮನುಷ್ಯರ ಹಿಂದೆ ಬರುವ ಹಕ್ಕಿಯನ್ನು ಹೊರಗೆ ಬಿಡುವಂತಿಲ್ಲ; ಏಳನೆಯದು ಇನ್ನು ಸಾಯುವವರೆಗೂ ಬಲೆ ಕಟ್ಟಿದ ಪಂಜರದೊಳಗೆ.

ಹಿರಿಯರೇ, ನಿಮ್ಮನ್ನು ಬೈಯಲೆಂದೇ ಈ ಪತ್ರ ಶುರುಮಾಡಬೇಕೆಂದಿದ್ದೆ. ಕೆರೆಗಳನ್ನು ಬಟ್ಟಲಿನಂತೆ ಆಳ ಮಾಡಿ, ಸುತ್ತ ವಾಕಿಂಗ್ ಪಾತ್ ಹಾಕಿದಿರಿ. ಕೊಕ್ಕರೆಗೆ ಕಾಲೂರಲು ಜಾಗ ಉಳಿಯಲಿಲ್ಲ. ಕೆರೆಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದಿರಿ ಅಂತ ನಮ್ಮ ಪುಸ್ತಕದಲ್ಲಿದೆ. ಈಗ ಬೈಯುವ ಮುಖ ನನಗಿಲ್ಲ. ಒಂದೇ ಕೋರಿಕೆ: ಒಂದು ದಡವನ್ನಾದರೂ ಇಳಿಜಾರಾಗಿ, ಕೆಸರಾಗಿ, ನೋಡಲು ಚೆನ್ನಾಗಿಲ್ಲದ ಹಾಗೆ ಬಿಡಿ. ಕೊಕ್ಕರೆಗಳಿಗೆ ನಮ್ಮಂಥ ತಾಯಂದಿರು ಬೇಕಾಗದಿರಲಿ.

ಜವರಪ್ಪ ಸರ್ ರೂಮಿನ ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ಬಾಯಿ ಬರಲಿಲ್ಲ. ಹಾಗಾಗಿ ಈ ಪತ್ರವನ್ನೇ ಮೊದಲು ಅವರ ಕೈಗೆ ಕೊಡುತ್ತೇನೆ. ನಿಮಗೆ ತಲುಪುವುದು ತಡವಾದರೆ ಕ್ಷಮಿಸಿ.

ಹೊನ್ನಾಜಮ್ಮ
ಫಸ್ಟ್ ಇಯರ್